20,000 ಹರ್ಟ್ಸ್ ಇಟ್ಟುಕೊಂಡು ಏನು ಮಾಡುತ್ತೀಯ?

ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವ ಹ್ಯಾಮ್ ರೇಡಿಯೊದವರು ನಾಲ್ಕು ಜನ ಒಂದು ಕಡೆ ಸೇರಿದರೆ ಜಗಳಕ್ಕೆ ವಿಷಯ ಹುಡುಕಬೇಕಾಗಿಲ್ಲ. ಆವತ್ತು ವಿಷಯ ತಂದವನು ನಮ್ಮ ಮರಿ. ಈಚೆಗೆ ಲೈಸೆನ್ಸ್ ಸಿಕ್ಕ ಹುಡುಗ, ಗುಂಪಿಗೇ ಚಿಕ್ಕವನು, ಅದಕ್ಕೇ ಆ ಹೆಸರು. ಹೆಡ್‌ಫೋನ್ ಆರಿಸಿದ್ದೇನೆ ಅಂತ ಫೋನಿನಲ್ಲಿ ಚಿತ್ರ ತೋರಿಸಿದ.

“20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಕೇಳಿಸುತ್ತದಂತೆ ಮೇಷ್ಟ್ರೇ!”

ಮೇಷ್ಟ್ರು ಕನ್ನಡಕ ಏರಿಸಿದರು. “ಅಷ್ಟೆಲ್ಲ ಇಟ್ಟುಕೊಂಡು ಏನು ಮಾಡುತ್ತೀಯ?”

“ಕೇಳುತ್ತೇನೆ.”

“ಏನನ್ನ? ನಾವು ಮಾತಾಡುವ ಎಸ್‌ಎಸ್‌ಬಿ ವಿಧಾನದಲ್ಲಿ ನಿನ್ನ ರೇಡಿಯೊ ರಿಗ್ ಹೊರಗೆ ಬಿಡುವುದೇ ಸುಮಾರು 300ರಿಂದ 2,700 ಹರ್ಟ್ಸ್. ಮಾತು ಅರ್ಥವಾಗಲು ಅಷ್ಟು ಸಾಕು ಅಂತ ಮಿಕ್ಕಿದ್ದನ್ನು ಫಿಲ್ಟರ್ ಕತ್ತರಿಸಿರುತ್ತದೆ. ಚುಕ್ಕೆ-ಗೆರೆಯ ಮೋರ್ಸ್ ಸಂಕೇತ ಆದರೆ ಒಂದೇ ಸ್ವರ, 600-700 ಹರ್ಟ್ಸ್ ಆಸುಪಾಸು. ಅದರಾಚೆ ಮೇಲೆ ಇರುವುದು ರಿಗ್ಗಿನ ಆಡಿಯೊ ಭಾಗದ ಸುಯ್ ಸದ್ದು, ಕೆಳಗೆ ಇರುವುದು ಪವರ್ ಸಪ್ಲೈನ ಗುಂಯ್. ಇವೆರಡನ್ನೂ ನಿನ್ನ ಹೆಡ್‌ಫೋನ್ ಬಹಳ ಚೆನ್ನಾಗಿ ಕೇಳಿಸುತ್ತದೆ. ಬಾಗಿಲು ಕಿಟಕಿ ಎಲ್ಲ ತೆಗೆದಿಟ್ಟು, ಅಯ್ಯೋ ಧೂಳು ಅಂತ ಗೊಣಗುವ ಕೆಲಸ.”

ಮೇಷ್ಟ್ರು ಹೇಳಿದ್ದರಲ್ಲಿ ಹುರುಳಿದೆ. ಹಾಡಿಗೆ ಮಾಡಿದ ಹೆಡ್‌ಫೋನ್‌ಗಳಲ್ಲಿ ಬೇಸ್ ಉಬ್ಬಿಸಿರುತ್ತಾರೆ. ಮಾತಿಗೆ ಅದು ಉಪಕಾರಕ್ಕಿಂತ ಉಪದ್ರವ ಜಾಸ್ತಿ. ರಿಗ್ಗಿನಲ್ಲಿ ಈಕ್ವಲೈಜರ್ ಇದ್ದರೆ ತಗ್ಗಿಸಿಕೊಳ್ಳಬಹುದು, ಸರಿ. ಆದರೆ ದುಡ್ಡು ಕೊಟ್ಟು ಬೇಸ್ ತಂದು, ಆಮೇಲೆ ಕೂತು ಬೇಸ್ ತಗ್ಗಿಸುವುದು ಯಾವ ಸಂಭ್ರಮಕ್ಕೆ?

ಮರಿ ಸೋಲಲಿಲ್ಲ. “ಇದರಲ್ಲಿ ನಾಯ್ಸ್ ಕ್ಯಾನ್ಸಲಿಂಗ್ ಇದೆ.”

ಭಾವ ಎದ್ದು ಕೂತ. ನಮ್ಮೆಲ್ಲರಿಗೂ ಅವನು ಭಾವನೇ, ಯಾರ ಕಡೆಯಿಂದ ಅಂತ ಕೇಳಬೇಡಿ. “ಅಂದರೆ 40 ಮೀಟರ್ ತರಂಗದ ಬ್ಯಾಂಡಿನಲ್ಲಿ ಬರುವ ಗೊರಗೊರ ಮಾಯ!”

“ಅದು ಹೋಗುವುದಿಲ್ಲ ಭಾವ,” ಅಂದೆ. “ಅದರೊಳಗಿನ ಮೈಕ್ ಕೋಣೆಯ ಸದ್ದನ್ನು ಕೇಳಿಸಿಕೊಂಡು, ಅದಕ್ಕೆ ಉಲ್ಟಾ ಅಲೆ ಸೇರಿಸಿ ಅಳಿಸುತ್ತದೆ. ಬ್ಯಾಂಡಿನ ಗೊರಗೊರ ಕೋಣೆಯಿಂದ ಬರುವುದಿಲ್ಲ, ಸಿಗ್ನಲ್ ಜೊತೆ ವೈರಿನಲ್ಲೇ ಬರುತ್ತದೆ. ಹೆಡ್‌ಫೋನಿನ ಲೆಕ್ಕದಲ್ಲಿ ಅದೂ ಒಂದು ಹಾಡು. ಫ್ಯಾನ್ ಸದ್ದು ಹೋಗುತ್ತದೆ, ಗೊರಗೊರ ಇನ್ನೂ ಸ್ಪಷ್ಟವಾಗಿ ಕೇಳುತ್ತದೆ.”

“ಮನೆಯವರು ಕೂಗಿದ್ದು?”

“ಅದನ್ನೂ ಪೂರ್ತಿ ತಡೆಯುವುದಿಲ್ಲ. ಒಂದೇ ಸಮ ಗುಂಯ್‌ಗುಡುವ ಸದ್ದನ್ನು ಅಳಿಸುವಷ್ಟು ಚೆನ್ನಾಗಿ ಮಾತನ್ನು ಅಳಿಸಲು ಅದಕ್ಕೆ ಬರುವುದಿಲ್ಲ.”

ಭಾವನ ಆಸಕ್ತಿ ಅಲ್ಲಿಗೆ ಮುಗಿಯಿತು.

“ವೈರೇ ಇಲ್ಲ, ಬ್ಲೂಟೂತ್,” ಅಂದ ಮರಿ, ಕೊನೆಯ ಬಾಣ ಅನ್ನುವ ಹಾಗೆ.

“ಮೋರ್ಸ್ ಕಳಿಸುತ್ತೀಯಾ?” ಮೇಷ್ಟ್ರು ಕೇಳಿದರು.

“ಕಲಿಯುತ್ತಿದ್ದೇನೆ. ನಿಮಿಷಕ್ಕೆ 20 ಪದಕ್ಕೆ ಬರಬೇಕು ಅಂತ ಆಸೆ.”

“ಆ ವೇಗದಲ್ಲಿ ಒಂದು ಚುಕ್ಕೆ 60 ಮಿಲಿಸೆಕೆಂಡ್. ಬ್ಲೂಟೂತಿನಲ್ಲಿ ಸದ್ದು 200 ಮಿಲಿಸೆಕೆಂಡ್ ತಡವಾಗುವುದು ಏನೂ ಅಪರೂಪವಲ್ಲ. ನೀನು ಮೋರ್ಸ್ ಕೀ ಒತ್ತಿದಾಗ ರಿಗ್ ನಿನಗೇ ಕೇಳಿಸುವ ಸದ್ದು, ಆ ಸೈಡ್‌ಟೋನ್, ನಿನ್ನ ಕಿವಿಗೆ ಬರುವಷ್ಟರಲ್ಲಿ ಎರಡನೇ ಚುಕ್ಕೆಯೂ ಮುಗಿದಿರುತ್ತದೆ. ಬಾ ಭಾವ, ತೋರಿಸೋಣ. ನೀನು ಮೇಜು ಕುಟ್ಟು. ನಾನು ಬ್ಲೂಟೂತ್.”

ಭಾವ ಟಕ್ ಅಂದ. ಮೇಷ್ಟ್ರು ಸುಮ್ನೆ ಕೂತಿದ್ದರು. ಭಾವ ಮತ್ತೆ ಟಕ್ ಅಂದ. ಆಗ ಮೇಷ್ಟ್ರು ನಿಧಾನಕ್ಕೆ “ಡಿಟ್” ಅಂದರು. ಭಾವ ಗಾಬರಿಯಾಗಿ ಇನ್ನೆರಡು ಕುಟ್ಟಿದ.

“ಏನು ಕಳಿಸಬೇಕು ಅಂತಿದ್ದೆ?”

“ಎಸ್. ಮೂರು ಚುಕ್ಕೆ.”

“ನಾಲ್ಕು ಕುಟ್ಟಿದೆ. ಎಚ್ ಆಯಿತು. ಎಚ್ ಕಳಿಸು ಅಂದಿದ್ದರೆ ಐದು ಕುಟ್ಟಿ 5 ಮಾಡುತ್ತಿದ್ದೆ. ನಿನ್ನ ಸ್ಟೇಷನ್ನಿನ ಹೆಸರಾದ ಕಾಲ್‌ಸೈನ್ ನಿನಗೇ ಗುರುತು ಸಿಗುತ್ತಿರಲಿಲ್ಲ.”

ಸುಮ್ಮನೆ ಕೇಳುವವರಿಗೆ ಈ ತಡ ಅಷ್ಟು ಕಾಟ ಕೊಡುವುದಿಲ್ಲ, ಅದನ್ನೂ ಹೇಳಬೇಕು. ಡಯಲ್ ತಿರುಗಿಸಿದಾಗ ಸ್ಟೇಷನ್ ಒಂಚೂರು ಹಿಂದೆ ಉಳಿದಂತೆ ಅನಿಸುತ್ತದೆ, ಅಷ್ಟೇ. ಕೀ ಮುಟ್ಟುವವರಿಗೆ ಮಾತ್ರ ವೈರೇ ಗತಿ.

ಭಾವನಿಗೆ ಕುಟ್ಟಿದ ಅವಮಾನ ತೀರಿಸಿಕೊಳ್ಳಬೇಕಿತ್ತು. “ನನ್ನ ಹತ್ತಿರ ಹಳೇ ಕಾಲದ ಹೆಡ್‌ಫೋನ್ ಇದೆ. ಅದರ ವಿದ್ಯುತ್ ತಡೆ 2,000 ಓಮ್. ವೈರೂ ಇದೆ, ಬೇಸೂ ಇಲ್ಲ. ಮರಿಗೆ ಕೊಟ್ಟುಬಿಡುತ್ತೇನೆ.”

“ಬ್ಯಾಟರಿಯೇ ಇಲ್ಲದೆ ಓಡುವ ಕ್ರಿಸ್ಟಲ್ ರೇಡಿಯೊಗಾದರೆ ಕೊಡು,” ಅಂದರು ಮೇಷ್ಟ್ರು. “ಇವತ್ತಿನ ರಿಗ್ಗುಗಳ ಹೆಡ್‌ಫೋನ್ ಜಾಕಿಗೆ 32 ಓಮ್ ಸುತ್ತಮುತ್ತಲಿನದು ಹೊಂದುತ್ತದೆ. ನಿನ್ನದನ್ನು ಹಾಕಿದರೆ ಹುಡುಗ ವಾಲ್ಯೂಮ್ ತಿರುಗಿಸಿ ತಿರುಗಿಸಿ ಸುಸ್ತಾಗುತ್ತಾನೆ. ಆದರೆ ಭಾವ, ಆ ಕಾಲದವರನ್ನು ಹಗುರವಾಗಿ ನೋಡಬೇಡ. ಅಮೆರಿಕದ ಯೂಟಾದಲ್ಲಿ ನಥಾನಿಯಲ್ ಬಾಲ್ಡ್ವಿನ್ ಅನ್ನುವವನು ಅಡುಗೆಮನೆಯಲ್ಲಿ ಕೂತು ಹೆಡ್‌ಫೋನ್ ಮಾಡಿ 1910ರಲ್ಲಿ ನೌಕಾಪಡೆಗೆ ಕಳಿಸಿದ. ರೇಡಿಯೊ ಕೇಳುವ ಕೆಲಸಕ್ಕೆ. ಅವರಿಗೆ ಅದು ಹಿಡಿಸಿಯೂ ಬಿಟ್ಟಿತು.”

“ನಾನೂ ಅಡುಗೆಮನೆಯಲ್ಲೇ ಬೆಸುಗೆ ಹಾಕುತ್ತಿದ್ದೆ,” ಭಾವ ನಿಟ್ಟುಸಿರು ಬಿಟ್ಟ. “ನನಗೆ ನೌಕಾಪಡೆ ಸಿಗುವ ಮೊದಲೇ ಹೊರಗೆ ಹಾಕಿದರು.”

ಆಮೇಲೆ ಮಾತು ಪ್ಲಗ್ಗಿಗೆ ಬಂತು. ಮಾನೊ ಜಾಕಿಗೆ ಸ್ಟೀರಿಯೊ ಪ್ಲಗ್ ಚುಚ್ಚಿದರೆ ಒಂದೇ ಕಿವಿಗೆ ಕೇಳುತ್ತದೆ. ಅಡಾಪ್ಟರ್ ಹಾಕಿದರೆ ಸರಿಹೋಗುತ್ತದೆ. ಇದು ಗೊತ್ತಿಲ್ಲದೆ ಕಿವಿಯನ್ನೇ ಅನುಮಾನಿಸಿದವರು ಇದ್ದಾರೆ.

“ಸ್ಟೀರಿಯೊ ನಮಗೆ ಯಾಕೆ ಬೇಕು, ಅಲ್ವಾ?” ಅಂದ ಭಾವ. ಇಲ್ಲಿ ನಾನು ಒಪ್ಪಲಿಲ್ಲ. ಎರಡು ರಿಸೀವರ್ ಇರುವ ರಿಗ್ಗಿನಲ್ಲಿ ಅಪರೂಪದ ದೂರದ ಸ್ಟೇಷನ್ನನ್ನು ಒಂದು ಕಿವಿಗೂ, ಅದನ್ನು ಕೂಗಿ ಕರೆಯುವ ಗುಂಪನ್ನು ಇನ್ನೊಂದಕ್ಕೂ ಬಿಡಬಹುದು. ಪೈಲ್‌ಅಪ್ ಅನ್ನುವ ಆ ನೂಕುನುಗ್ಗಲಿನಲ್ಲಿ ದೂರದ ಸ್ಟೇಷನ್ನಿನವನು ಈಗ ಯಾರಿಗೆ, ಯಾವ ಫ್ರೀಕ್ವೆನ್ಸಿಯಲ್ಲಿ ಉತ್ತರ ಕೊಟ್ಟ ಅನ್ನುವುದು ತಕ್ಷಣ ಸಿಗುತ್ತದೆ. ಎರಡು ಕಿವಿ ಇರುವುದು ಸಾರ್ಥಕ ಅನಿಸುವ ಗಳಿಗೆ ಅದು.

“ಕಿವಿಯ ಮೇಲೆ ಕೂರುವ ಕಪ್‌ನ ಹಿಂಭಾಗ ತೆರೆದಿರುವುದು ತಗೊಳ್ಳಲಾ, ಮುಚ್ಚಿರುವುದಾ?” ಮರಿಯ ದನಿ ಈಗ ಕುಗ್ಗಿತ್ತು.

“ತೆರೆದಿದ್ದರೆ ಕಿವಿಗೆ ಸೆಕೆ ಆಗುವುದಿಲ್ಲ,” ಅಂದರು ಮೇಷ್ಟ್ರು. “ಆದರೆ ಸದ್ದು ಹೊರಗೆ ಸೋರುತ್ತದೆ. ಮೈಕ್ ಹತ್ತಿರ ಇದ್ದರೆ ಅದಕ್ಕೂ ಸೇರುತ್ತದೆ. ಮಧ್ಯರಾತ್ರಿ ಪಕ್ಕದಲ್ಲಿ ಮಲಗಿದವರಿಗೂ ಸೇರುತ್ತದೆ. ಮೈಕ್ ಬೈಯುವುದಿಲ್ಲ.”

ಮರಿ ಮುಚ್ಚಿರುವುದನ್ನೇ ಬರೆದುಕೊಂಡ. ಅದರ ಕೆಳಗೆ ‘ವೈರ್’, ‘32 ಓಮ್’, ‘ಹಗುರ’. ಹಗುರ ಅನ್ನುವುದಕ್ಕೆ ಮೇಷ್ಟ್ರು ಎರಡು ಗೆರೆ ಹಾಕಿಸಿದರು. ಕನ್ನಡಕದ ಕಡ್ಡಿಯ ಮೇಲೆ ಹೆಡ್‌ಫೋನಿನ ಕಪ್ ಒತ್ತಿದರೆ ಗಂಟೆ ಕಳೆಯುವಷ್ಟರಲ್ಲಿ ತಲೆ ಸಿಡಿಯುತ್ತದೆ, ಆಮೇಲೆ ಎಂಥ ಸ್ಟೇಷನ್ ಬಂದರೂ ಬೇಡ ಅನಿಸುತ್ತದೆ. ಬಾಕ್ಸಿನ ಮೇಲಿನ ಅಂಕಿಗಳನ್ನು ಓದುವುದಕ್ಕಿಂತ ಕನ್ನಡಕ ಹಾಕಿಕೊಂಡೇ ಸ್ವಲ್ಪ ಹೊತ್ತು ಧರಿಸಿ ನೋಡುವುದು ವಾಸಿ.

“ಮೇಷ್ಟ್ರೇ, ನಿಮ್ಮದು ಯಾವ ಕಂಪನಿಯದು?” ಮರಿ ಪೆನ್ನು ಹಿಡಿದೇ ಕೇಳಿದ.

ಮೇಷ್ಟ್ರು ಚೀಲದಿಂದ ತಮ್ಮ ಹೆಡ್‌ಫೋನ್ ತೆಗೆದು ತಿರುಗಿಸಿ ನೋಡಿದರು. “ಗೊತ್ತಿಲ್ಲಪ್ಪ. ಹೆಸರಿದ್ದ ಜಾಗಕ್ಕೇ ಟೇಪ್ ಸುತ್ತಿದ್ದೇನೆ. ಬಿಚ್ಚಿದರೆ ಹೆಸರು ಸಿಗುತ್ತದೆ, ಹೆಡ್‌ಫೋನ್ ಉಳಿಯುವುದಿಲ್ಲ.”