ಒಂಟಿಯಲ್ಲ, ಆದರೆ ನೋಡಿಕೊಳ್ಳುವವರೂ ಇಲ್ಲ: ಇದಕ್ಕೆ ಪದ ಯಾವುದು?

ಗೆಳೆಯರೇ,

ನಮ್ಮ ಅಪಾರ್ಟ್‌ಮೆಂಟಿನ ಈಜುಕೊಳದ ಹತ್ತಿರ ಕನ್ನಡದಲ್ಲಿ ಒಂದು ಬೋರ್ಡ್ ಹಾಕಬೇಕಿದೆ. ಒಬ್ಬರು ‘ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ’ ಅಂತ ಬರೆದುಕೊಟ್ಟರು. ಇನ್ನೊಬ್ಬರು ‘ಮೇಲ್ವಿಚಾರಣೆಯಿಲ್ಲದೆ ಮಕ್ಕಳಿಗೆ ಪ್ರವೇಶವಿಲ್ಲ’ ಅಂದರು. ನನಗೆ ಎರಡೂ ಹಿಡಿಸಲಿಲ್ಲ. ಹತ್ತು ಮಕ್ಕಳು ಒಟ್ಟಿಗೆ ನೀರಿಗಿಳಿದರೆ ಅವರಲ್ಲಿ ಯಾರೂ ಒಂಟಿಯಲ್ಲ. ಆದರೆ ದೊಡ್ಡವರು ಒಬ್ಬರೂ ಹತ್ತಿರ ಇಲ್ಲ ಅಂದರೆ ಅಪಾಯ ತಪ್ಪಿದ್ದಲ್ಲ. ಇನ್ನು ಮೇಲ್ವಿಚಾರಣೆ ಅಂದ ಕೂಡಲೇ ನೆನಪಾಗೋದು ಪರೀಕ್ಷೆಯ ಕೊಠಡಿ ಮೇಲ್ವಿಚಾರಕರು, ಅಂಗನವಾಡಿ ಮೇಲ್ವಿಚಾರಕಿ, ರಸ್ತೆ ಕಾಮಗಾರಿ. ಮಗುವಿನ ಮೇಲೆ ಒಂದು ಕಣ್ಣಿಟ್ಟಿರೋದಕ್ಕೆ ಅಷ್ಟು ದೊಡ್ಡ ಪದ ಯಾಕೆ?

ಒಬ್ಬರೇ ಇರುವುದಕ್ಕೆ ನಮ್ಮಲ್ಲಿ ಪದಗಳಿಗೆ ಕೊರತೆಯಿಲ್ಲ. ‘ಒಂಟಿ’ ಲೆಕ್ಕದ ಮಾತು, ಜೋಡಿಗೆ ಎದುರಾದದ್ದು. ಒಂಟಿ ಎತ್ತು, ಒಂಟಿ ಕಾಲು, ಒಂಟಿ ಸೀನು. ಹಿಂಡಿನಿಂದ ಬೇರೆಯಾಗಿ ತಿರುಗುವ ಗಂಡಾನೆ ಒಂಟಿ ಸಲಗ. ಪತ್ರಿಕೆಗಳಲ್ಲಿ ‘ಒಂಟಿ ಮನೆ ದರೋಡೆ’ ಅಂತ ಓದುತ್ತೇವೆ ಅಲ್ವಾ? ಆ ಮನೆಯೊಳಗೆ ಆರು ಜನ ಇರಬಹುದು, ಒಂಟಿಯಾಗಿರೋದು ಮನೆ. ‘ಒಬ್ಬಂಟಿ’ ಹಾಗಲ್ಲ, ಅದು ಮನುಷ್ಯರಿಗೆ ಮಾತ್ರ. ಒಬ್ಬಂಟಿ ಎತ್ತು ಅಂತ ಯಾರೂ ಅನ್ನಲ್ಲ. ಅದರಲ್ಲಿ ಸ್ವಲ್ಪ ಸಂಕಟವೂ ಸೇರಿದೆ. ಗೆಳೆಯ ಫೋನ್ ಮಾಡಿ ‘ಮನೇಲಿ ಒಬ್ಬನೇ ಇದ್ದೀನಿ’ ಅಂದರೆ ‘ಸರಿ, ಊಟಕ್ಕೆ ಬಾ’ ಅನ್ನುತ್ತೇವೆ. ‘ಒಬ್ಬಂಟಿಯಾಗಿದ್ದೀನಿ’ ಅಂದರೆ ‘ಯಾಕೋ, ಏನಾಯ್ತು?’ ಅಂತ ಕೇಳಬೇಕಾಗುತ್ತೆ.

‘ಏಕಾಂತ’ ನಾವಾಗಿ ಬಯಸಿದ್ದು. ಅಲ್ಲಿ ಇಬ್ಬರಿಗೂ ಜಾಗವಿದೆ: ‘ಗಂಡ ಹೆಂಡತಿ ಏಕಾಂತದಲ್ಲಿ ಮಾತಾಡಿಕೊಂಡರು.’ ತಿರುಪತಿಯಲ್ಲಿ ರಾತ್ರಿ ದೇವರನ್ನು ಮಲಗಿಸುವ ಸೇವೆಗೂ ಏಕಾಂತ ಸೇವೆ ಅಂತಲೇ ಹೆಸರು. ‘ಏಕಾಂಗಿ’ಗೆ ಹೋರಾಟದ ಜೊತೆ ನಂಟು ಜಾಸ್ತಿ.

ತೊಡಕು ಶುರುವಾಗೋದು ನೋಡಿಕೊಳ್ಳುವವರು ಇಲ್ಲದ ಸ್ಥಿತಿಗೆ ಬಂದಾಗ. ಆಡುಮಾತಿನಲ್ಲಿ ನಾವು ಆ ಸ್ಥಿತಿಗೇ ಹೆಸರಿಡಲ್ಲ, ಯಾರು ಇಲ್ಲ ಅನ್ನೋದನ್ನು ಹೇಳುತ್ತೇವೆ. ಹೇಳೋರು ಕೇಳೋರು ಇಲ್ಲ. ಹಿಂದೆ ಮುಂದೆ ಯಾರೂ ಇಲ್ಲ. ಕಾಯೋರಿಲ್ಲ. ಇದು ನನಗೆ ತುಂಬಾ ಇಷ್ಟವಾದ ದಾರಿ, ಯಾಕಂದರೆ ಇಲ್ಲಿ ಬೊಟ್ಟು ಮಾಡಿದ್ದು ದೊಡ್ಡವರ ಕಡೆಗೆ. ಕಾಯೋರಿಲ್ಲದ ರೈಲ್ವೆ ಗೇಟಿಗೆ ‘ಮಾನವರಹಿತ’ ಅಂತ ಬರೆಯುತ್ತಿದ್ದರು. ಬ್ರಾಡ್‌ಗೇಜ್ ಹಳಿಗಳಲ್ಲಿ ಅಂಥ ಗೇಟುಗಳು 2019ರ ಹೊತ್ತಿಗೆ ಹೋದವು, ಒಳ್ಳೆಯದಾಯಿತು. ಆದರೆ ದಿನಾ ಜನ ದಾಟುವ ಜಾಗ ಮಾನವರಹಿತ ಹೇಗಾಗುತ್ತೆ? ಅಲ್ಲಿ ಇಲ್ಲದಿದ್ದದ್ದು ಕಾವಲು. ‘ಕಾವಲಿಲ್ಲದ ಗೇಟು’ ಅಂದಿದ್ದರೆ ಎಲ್ಲರಿಗೂ ತಿಳಿಯುತ್ತಿತ್ತು.

ಒಂದೇ ಪದದಲ್ಲಿ ಹೇಳಹೊರಟರೆ ಮಾತ್ರ ಬೈಗುಳಕ್ಕೆ ಬಂದು ನಿಲ್ಲುತ್ತೇವೆ. ನನ್ನನ್ನು ಕಾಡುತ್ತಿರುವುದು ಇದೇ. ‘ವಾರಸುದಾರ’ ನೋಡಿ. ನಿಲ್ದಾಣಗಳಲ್ಲಿ ‘ವಾರಸುದಾರರಿಲ್ಲದ ವಸ್ತುಗಳನ್ನು ಮುಟ್ಟಬೇಡಿ’ ಅಂದರೆ ಗೌರವದ ಮಾತು. ಅದೇ ‘ವಾರಸ’ಕ್ಕೆ ಪಾರಸಿಯ ‘ಬೇ’ ಸೇರಿ ‘ಬೇವಾರ್ಸಿ’ ಆಯಿತು. ಅರ್ಥ ಅದೇ, ವಾರಸುದಾರರು ಇಲ್ಲದವನು. ಈಗ ಅದನ್ನು ಮಕ್ಕಳ ಎದುರು ಆಡೋ ಹಾಗಿಲ್ಲ. ‘ಪರದೇಶಿ’ಯೂ ಹಾಗೇ. ಬೇರೆ ಊರಿಂದ ಬಂದವನು ಅನ್ನೋದು ಹೋಗಿ, ಗತಿಯಿಲ್ಲದವನು ಅನ್ನೋ ಹೀಯಾಳಿಕೆ ಆಯಿತು.

‘ಬಿಡಾಡಿ’ ಇನ್ನೂ ವಿಚಿತ್ರ. ಬಿಡಾಡಿ ದನಗಳಿಗೆ ಎಷ್ಟೋ ಸಲ ಒಡೆಯರು ಇದ್ದೇ ಇರುತ್ತಾರೆ. ಬೆಳಿಗ್ಗೆ ಹಾಲು ಕರೆದು ಬೀದಿಗೆ ಬಿಡುತ್ತಾರೆ, ಸಂಜೆ ಅವೇ ಮನೆಗೆ ಹೋಗುತ್ತವೆ. ಬಿಟ್ಟವರು ಒಬ್ಬರು, ಹೆಸರು ಬಂದದ್ದು ಹಸುವಿಗೆ. ಮನುಷ್ಯರಿಗೆ ಹೇಳಿದಾಗಲೂ ಅಷ್ಟೇ: ಹುಡುಗ ಬಿಡಾಡಿಯಾದ, ಅಂಕೆಯಿಲ್ಲದವನಾದ, ಲಂಗುಲಗಾಮಿಲ್ಲದೆ ಬೆಳೆದ. ತಪ್ಪೆಲ್ಲ ಹುಡುಗನದೇ ಆಯಿತು. ಅವನನ್ನು ಸುಮ್ನೆ ಬಿಟ್ಟ ದೊಡ್ಡವರ ಸುದ್ದಿ ಈ ಪದಗಳಲ್ಲಿ ಎಲ್ಲೂ ಇಲ್ಲ. ‘ತಬ್ಬಲಿ’ಯಲ್ಲಿ ಕರುಣೆ ಇದೆ, ನಿಜ. ಆದರೆ ಅದು ತಾಯಿ ಇಲ್ಲದ ಮಗುವಿಗೆ, ತಾಯಿ ಅಂಗಡಿಗೆ ಹೋಗಿರುವ ಮಗುವಿಗಲ್ಲ.

ಸದ್ಯಕ್ಕೆ ಬೋರ್ಡಿಗೆ ‘ದೊಡ್ಡವರು ಜೊತೆಯಲ್ಲಿ ಇಲ್ಲದೆ ಮಕ್ಕಳು ನೀರಿಗೆ ಇಳಿಯಬಾರದು’ ಅಂತ ಬರೆಯೋಣ ಅಂದಿದ್ದೇನೆ. ಉದ್ದವಾಯಿತು ಅನ್ನುವವರಿದ್ದಾರೆ. ಇರಲಿ, ಯಾರೇ ಓದಿದರೂ ಅರ್ಥವಾಗುತ್ತೆ.

ಈಗ ನನ್ನ ಪ್ರಶ್ನೆ. ಬೈಗುಳವೂ ಆಗದ, ಅನಾಥ ಅಂತಲೂ ಅನ್ನಿಸದ, ‘ಸ್ವಲ್ಪ ಹೊತ್ತು ಕಾಯೋರಿಲ್ಲ’ ಅನ್ನುವುದಷ್ಟನ್ನೇ ಹೇಳುವ ಪದ ನಿಮ್ಮ ಕಡೆ ಇದೆಯಾ? ಹಳೇ ಮೈಸೂರಿನ ಕಡೆ ‘ಮನೇಲಿ ಮಗು ಒಂದೇ ಇದೆ’ ಅನ್ನುತ್ತೇವೆ. ಕಲಬುರಗಿ, ಕುಂದಾಪುರ, ಶಿರಸಿ ಕಡೆಯವರು ಏನಂತೀರಿ? ಕುರಿ ಕಾಯುವವರ ಮಾತಿನಲ್ಲಿ ಕಾಯುವವನಿಲ್ಲದ ಹಿಂಡಿಗೆ ಬೇರೆ ಹೆಸರಿದೆಯಾ? ಪದ ಒಂದನ್ನೇ ಬರೆಯಬೇಡಿ. ಅದನ್ನು ಬಳಸುವ ಒಂದು ವಾಕ್ಯ, ನಿಮ್ಮ ತಾಲ್ಲೂಕಿನ ಹೆಸರು, ಎರಡನ್ನೂ ದಯವಿಟ್ಟು ತಿಳಿಸಿ.