ಸಹಾಯ ಬೇಕು: ಗೋಡೆ ಪಕ್ಕದ ಡೈವ್‌ನಲ್ಲಿ ಒಂದೇ ಆಳದಲ್ಲಿ ನಿಲ್ಲೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಇಂಡೋನೇಷ್ಯಾದ ಬುನಾಕೆನ್ ದ್ವೀಪದಲ್ಲಿದ್ದೇನೆ. ನನ್ನದು ಸ್ಕೂಬಾ ಡೈವಿಂಗ್‌ನ ಮೊದಲ ಹಂತದ ಓಪನ್ ವಾಟರ್ ಸರ್ಟಿಫಿಕೇಟ್, ಅಂದರೆ 18 ಮೀಟರ್ ಆಳದ ತನಕ. ಇದುವರೆಗೆ ಮರಳಿನ ತಳ ಇರುವ ಕಡೆಯಷ್ಟೇ ಇಳಿದವನು. ಇಲ್ಲಿ ತಳವೇ ಕಾಣುವುದಿಲ್ಲ. ಒಂದು ಕಡೆ ಹವಳದ ಗೋಡೆ, ಇನ್ನೊಂದು ಕಡೆ ಬರೀ ನೀಲಿ.

ನಿನ್ನೆ ಗೋಡೆಯ ಸಂದಿಯಲ್ಲಿ ಆಮೆಯೊಂದು ಮಲಗಿತ್ತು. ನೋಡುತ್ತಾ ನಿಂತೆ. ಸ್ವಲ್ಪ ಹೊತ್ತಿಗೆ ಆಮೆ ಮೇಲೆ ಹೋಗುತ್ತಿದೆ ಅನ್ನಿಸಿತು. ಪಾಪ, ಅದು ಮಲಗಿದಲ್ಲೇ ಇತ್ತು, ಜಾರುತ್ತಿದ್ದವನು ನಾನು! ಡೈವ್ ಕಂಪ್ಯೂಟರ್ ನೋಡಿದರೆ 23 ಮೀಟರ್. ಗಾಬರಿಯಲ್ಲಿ ಬಿಸಿಡಿಗೆ (ತೇಲಲು ಗಾಳಿ ತುಂಬುವ ಜಾಕೆಟ್) ಗಾಳಿ ಜಾಸ್ತಿ ತುಂಬಿಬಿಟ್ಟೆ. ಸರ್ರನೆ ಮೇಲೇರತೊಡಗಿದೆ. ಜೊತೆಗಾರ ನನ್ನ ಕಾಲಿನ ಫಿನ್ (ಈಜುರೆಕ್ಕೆ) ಹಿಡಿದು ಎಳೆದದ್ದಕ್ಕೆ ಬಚಾವ್.

ಆಳಕ್ಕೆ ಹೋದಂತೆ ಒತ್ತಡಕ್ಕೆ ವೆಟ್‌ಸೂಟೂ (ಮೈಗೆ ಹಾಕುವ ರಬ್ಬರ್ ಉಡುಪು) ಬಿಸಿಡಿಯೊಳಗಿನ ಗಾಳಿಯೂ ಕುಗ್ಗುತ್ತವೆ, ತೇಲುವ ಬಲ ಕಡಿಮೆಯಾಗುತ್ತದೆ, ಇಳಿಯಲು ಶುರುವಾದರೆ ಇನ್ನೂ ಬೇಗ ಇಳಿಯುತ್ತೇವೆ. ಇದೆಲ್ಲ ಓದಿ ಗೊತ್ತು. ಆದರೆ ಆ ಹೊತ್ತಿಗೆ ಕೈ ಮಾತು ಕೇಳಬೇಕಲ್ಲ?

ಅನುಭವ ಇರುವವರು ಹೇಳಿ. ಆಳ ಬದಲಾಗುತ್ತಿದೆ ಅಂತ ತಿಳಿಯಲು ಗೋಡೆಯಲ್ಲಿ ಏನನ್ನು ಗುರುತಿಟ್ಟುಕೊಳ್ಳುತ್ತೀರಿ? ಸುಮ್ನೆ ಕಂಪ್ಯೂಟರನ್ನೇ ನೋಡುತ್ತಾ ಇದ್ದರೆ ಡೈವ್‌ನ ಮಜಾನೇ ಹೋಗುತ್ತೆ. 3 ಮಿಲಿಮೀಟರ್ ಸೂಟಿಗೆ ಮುಳುಗಲು ಅಂತ 6 ಕಿಲೋ ತೂಕ ಕಟ್ಟಿದ್ದೆ, ಜಾಸ್ತಿ ಆಯ್ತಾ?

ಇನ್ನೊಂದು. ನೀರಿನ ಸೆಳೆತ ಕೆಳಕ್ಕೆ ಎಳೆದರೆ ಗೋಡೆ ಹಿಡಿದುಕೋ ಅಂತ ಕೆಲವರು, ಗೋಡೆ ಬಿಟ್ಟು ನೀಲಿಯ ಕಡೆ ಈಜು ಅಂತ ಕೆಲವರು ಹೇಳುತ್ತಾರೆ. ಹವಳ ಮುಟ್ಟಲು ನನಗಂತೂ ಮನಸ್ಸಿಲ್ಲ. ನೀವೇನು ಮಾಡುತ್ತೀರಿ? ನಾಡಿದ್ದು ಬೆಳಿಗ್ಗೆ ಮತ್ತೆ ಇಳಿಯುತ್ತಿದ್ದೇನೆ.