ಪದಚರ್ಚೆ: ಗಿಡಕ್ಕೆ ನೀರು ‘ಹಾಕುವುದು’, ‘ಎರೆಯುವುದು’, ‘ಉಣಿಸುವುದು’

ಹತ್ತು ದಿನ ಊರಿಗೆ ಹೊರಟಾಗ ಪಕ್ಕದ ಮನೆಯವರ ಕೈಗೆ ಒಂದು ಚೀಟಿ ಕೊಟ್ಟಿದ್ದೆ: ‘ದಿನವೂ ಬೆಳಿಗ್ಗೆ ಗಿಡಗಳಿಗೆ ಸ್ವಲ್ಪ ನೀರು ಹಾಕಿ.’ ಪಾಪ, ಅವರು ಒಂದು ದಿನವೂ ತಪ್ಪಿಸಲಿಲ್ಲ. ಹಿಂದಿರುಗಿ ನೋಡಿದರೆ ಕುಂಡಗಳ ಮೇಲ್ಮಣ್ಣು ಕಪ್ಪಗೆ ಒದ್ದೆಯಾಗಿದೆ, ದುಂಡುಮಲ್ಲಿಗೆ ಮಾತ್ರ ಎಲೆ ಉದುರಿಸಿ ಕಡ್ಡಿಯಾಗಿ ನಿಂತಿದೆ. ಕುಂಡವನ್ನು ಬೋರಲು ಹಾಕಿ ತಟ್ಟಿದೆ. ಮೇಲಿನ ಒಂದು ಅಂಗುಲ ಹಸಿ. ಅದರ ಕೆಳಗೆ ಬೇರಿನ ಗಂಟು ಒಣಕೊಬ್ಬರಿಯ ಹಾಗೆ ಗಟ್ಟಿ. ಚೀಟಿಯಲ್ಲಿದ್ದುದನ್ನೇ ಅವರು ಚಾಚೂ ತಪ್ಪದೆ ಮಾಡಿದ್ದರು. ನಾನು ಬರೆಯಬೇಕಾಗಿದ್ದ ಕ್ರಿಯಾಪದ ಯಾವುದು?

‘ಹಾಕು’ ಎಲ್ಲಕ್ಕೂ ಒಗ್ಗುವ ಪದ. ಬೀಗ ಹಾಕು, ಸಹಿ ಹಾಕು, ಬಟ್ಟೆ ಹಾಕು. ನೀರು ಎಲ್ಲಿಯವರೆಗೆ ಇಳಿಯಬೇಕು ಎಂಬುದು ಅದರಲ್ಲಿಲ್ಲ. ‘ಚಿಮುಕಿಸು’ ಬೀಜ ಬಿತ್ತಿದ ಮಡಿಗೆ ಸರಿ. ‘ಹಾಯಿಸು’, ‘ಕಟ್ಟು’ ಹೊಲಗದ್ದೆಯ ಮಾತು: ‘ನೀರು ಕಟ್ಟಲು ಹೋಗಿದ್ದಾನೆ’ ಎಂದರೆ ಗುದ್ದಲಿಯಿಂದ ಒಂದು ಪಾತಿಯ ಬಾಯಿ ಮುಚ್ಚಿ ಇನ್ನೊಂದರ ಬಾಯಿ ಬಿಡಿಸುತ್ತಿದ್ದಾನೆ ಎಂದರ್ಥ. ಬಾಲ್ಕನಿಯಲ್ಲಿ ಚೊಂಬು ಹಿಡಿದವರು ಯಾವ ನೀರನ್ನು ಕಟ್ಟಬೇಕು?

‘ಎರೆ’ ನನಗೆ ಇಷ್ಟ. ತಲೆಗೆ ಎರೆ, ದೋಸೆ ಎರೆ, ಧಾರೆ ಎರೆ. ಎಲ್ಲದರಲ್ಲೂ ನಿಧಾನವಾಗಿ, ಕೈಹಿಡಿತದಲ್ಲಿ ಸುರಿಯುವ ಭಾವವಿದೆ. ಬಸವಣ್ಣನವರು ‘ಮರಕ್ಕೆ ಬಾಯಿ ಬೇರೆಂದು ತಳಕ್ಕೆ ನೀರನೆರೆದಡೆ ಮೇಲೆ ಪಲ್ಲವಿಸಿತ್ತು ನೋಡಾ’ ಎನ್ನುವಾಗ ಆ ಒಂದು ಸಾಲಿನಲ್ಲಿ ತೋಟಗಾರಿಕೆಯ ಪಾಠವೂ ಇದೆ: ಎಲೆ ತೋಯಿಸಿದರೆ ಗಿಡ ಕುಡಿದಂತಲ್ಲ. ಆದರೆ ಇಂದು ‘ನೀರೆರೆ’ ಸಮಾರಂಭದ ಪದವಾಗಿಬಿಟ್ಟಿದೆ. ಗಣ್ಯರು ಗಿಡಕ್ಕೆ ನೀರೆರೆದು ಕಾರ್ಯಕ್ರಮ ಉದ್ಘಾಟಿಸುತ್ತಾರೆ. ಅಷ್ಟು ನೀರಿನಲ್ಲಿ ಗಿಡದ ಗಂಟಲೂ ನೆನೆಯುವುದಿಲ್ಲ!

ಹಾಗಾಗಿ ಸದ್ಯ ನನ್ನ ಒಲವು ‘ನೀರುಣಿಸು’ ಕಡೆಗೆ. ನೀರನ್ನು ಕುಡಿಸಬೇಕು, ಉಣಿಸುವುದೆಲ್ಲಿ ಎಂದು ಮನೆಯಲ್ಲಿ ಆಕ್ಷೇಪ ಬಂತು. ‘ಮೊಲೆಯುಣಿಸು’ ಎನ್ನುವುದಿಲ್ಲವೇ? ದ್ರವಕ್ಕೂ ‘ಉಣ್ಣು’ ಸಲ್ಲುತ್ತದೆ, ಜೊತೆಗೆ ಹೊಟ್ಟೆ ತುಂಬುವವರೆಗೆ ಎಂಬ ಧ್ವನಿಯೂ ಬರುತ್ತದೆ.

ಆದರೂ ಒಂದು ಸಂದರ್ಭಕ್ಕೆ ಅದೂ ಸಾಲದು. ತೆಂಗಿನ ನಾರಿನ ಪುಡಿ ಬೆರೆಸಿದ ಮಣ್ಣು ಪೂರ್ತಿ ಒಣಗಿದರೆ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಎರೆದ ನೀರು ಆ ಸಂದಿಯಲ್ಲೇ ಜಾರಿ ತಳದ ತೂತಿನಿಂದ ಹೊರಬರುತ್ತದೆ. ನೋಡಿದವರಿಗೆ ಗಿಡ ಉಂಡಿತು ಎನಿಸುತ್ತದೆ, ಒಳಗೆ ಬರಗಾಲ. ಆಗ ಸ್ವಲ್ಪ ಎರೆದು, ಇಂಗಲು ಬಿಟ್ಟು, ಮತ್ತೆ ಎರೆಯಬೇಕು. ಇಲ್ಲವೇ ಕುಂಡವನ್ನೇ ನೀರಿನ ಬೋಗುಣಿಯಲ್ಲಿ ಅರ್ಧ ಗಂಟೆ ಇಟ್ಟು ತಳದಿಂದ ಹೀರಲು ಬಿಡಬೇಕು. ಇದಕ್ಕೆ ಒಂದೇ ಪದ ಇದೆಯೇ? ‘ಕುಂಡ ನೆನೆಹಾಕಿದ್ದೇನೆ’ ಎಂದೆ. ನಾಳೆ ರುಬ್ಬುತ್ತೀರಾ ಎಂದು ಕೇಳಿದರು.

ಎರಡನೆಯ ಪ್ರಶ್ನೆ ಇನ್ನೂ ಕಷ್ಟದ್ದು. ಬಿತ್ತನೆಗೆ ಹದವಾದ ಹಸಿಗೆ ‘ಬೆದೆ’ ಎಂಬ ಸೊಗಸಾದ ಪದವಿದೆ. ಅದರ ಎದುರು ತುದಿಗೆ? ಅಂದರೆ ಬೆರಳನ್ನು ಎರಡು ಗೆಣ್ಣು ಇಳಿಸಿದಾಗ ಮಣ್ಣು ಅಂಟುವುದಿಲ್ಲ, ಎಲೆ ಇನ್ನೂ ಜೋತಿಲ್ಲ, ಈಗ ನೀರು ಬೇಕು ಎನ್ನುವ ಆ ಘಳಿಗೆಗೆ. ‘ಬಾಡಿದೆ’ ಎನ್ನುವಷ್ಟರಲ್ಲಿ ತಡವಾಗಿರುತ್ತದೆ. ಅಲ್ಲದೆ ನೀರು ಹೆಚ್ಚಾಗಿ ಬೇರು ಕೊಳೆತರೂ ಗಿಡ ಬಾಡುತ್ತದೆ. ಬಾಯಿ ಆರುವುದು ‘ಬಾಯಾರು’ ಆದ ಹಾಗೆ ‘ಬೇರಾರು’ ಎಂದು ಕಟ್ಟಿ ನೋಡಿದೆ. ‘ಗಿಡಕ್ಕೆ ಬೇರಾರಿದೆ’ ಪರವಾಗಿಲ್ಲ. ಬರೀ ‘ಬೇರಾರು’ ಎಂದರೆ ‘ಮತ್ತಾರು’ ಎಂದು ಓದಿಕೊಳ್ಳುತ್ತಾರೆ.

ಅಡಕೆ, ವೀಳ್ಯದೆಲೆ, ಹೂವಿನ ತೋಟದವರ ಬಾಯಲ್ಲಿ ಇದಕ್ಕೆ ಪದ ಇದ್ದೇ ಇರಬೇಕು. ಯಾವ ಸೀಮೆಯ ಬಳಕೆ ಎಂಬುದನ್ನೂ ಸೇರಿಸಿ ತಿಳಿಸಿ. ಮುಂದಿನ ತಿಂಗಳು ಮತ್ತೆ ಊರಿಗೆ ಹೋಗಬೇಕಿದೆ, ಅಷ್ಟರಲ್ಲಿ ಚೀಟಿ ತಿದ್ದಬೇಕು.